ಪ್ರಾಜೆಕ್ಟ್ ಕೊಡುವ ಮೊದಲೇ ಲೈಬ್ರರಿಗೆ ಬನ್ನಿ

(ಶಿಕ್ಷಕರು ಮತ್ತು ಶಾಲಾ ಲೈಬ್ರೇರಿಯನ್ನರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗಲೇ ಗಮನಿಸಿದೆ. ಲೈಬ್ರೇರಿಯನ್ನರೆಲ್ಲ ಆ ಕಡೆ ಕೂತಿದ್ದೀರಿ, ಪಾಠ ಮಾಡುವವರೆಲ್ಲ ಈ ಕಡೆ. ಹೀಗೇ ಕೂರಬೇಕು ಅಂತ ಯಾರೂ ಹೇಳಿಲ್ಲ. ಶಾಲೆಯಲ್ಲೂ ನಾವು ಹೆಚ್ಚುಕಮ್ಮಿ ಹೀಗೇ ಇರುತ್ತೇವೆ. ಜಗಳವೇನಿಲ್ಲ. ಎದುರು ಸಿಕ್ಕರೆ ಕಷ್ಟಸುಖ ಮಾತಾಡುತ್ತೇವೆ. ಆದರೆ ಮುಂದಿನ ತಿಂಗಳು ನಿಮ್ಮ ಕ್ಲಾಸಿನಲ್ಲಿ ಯಾವ ಪಾಠ ಅನ್ನೋದು ಲೈಬ್ರೇರಿಯನ್‌ಗೆ ಗೊತ್ತಿರುವುದಿಲ್ಲ. ಆ ಪಾಠಕ್ಕೆ ಆಗುವಂಥದ್ದು ಲೈಬ್ರರಿಯಲ್ಲಿ ಏನಿದೆ ಅನ್ನೋದು ನಿಮಗೆ ಗೊತ್ತಿರುವುದಿಲ್ಲ.

ಆಮೇಲೆ ಒಂದು ದಿನ ಇದ್ದಕ್ಕಿದ್ದ ಹಾಗೆ ಮಕ್ಕಳು ಲೈಬ್ರರಿಗೆ ನುಗ್ಗುತ್ತಾರೆ. "ಮಿಸ್, ಜ್ವಾಲಾಮುಖಿ ಬುಕ್ ಇದೆಯಾ?" ಮೊದಲು ಬಂದ ಮೂರು ಮಕ್ಕಳಿಗೆ ಪುಸ್ತಕ ಸಿಗುತ್ತದೆ. ಉಳಿದವರು ಕಂಪ್ಯೂಟರಿನ ಮುಂದೆ ಕೂತು, ಮೊದಲು ಕಂಡ ಪುಟವನ್ನು ನೋಡಿಕೊಂಡು ಬರೆಯುತ್ತಾರೆ. ಟೀಚರ್ ಕೈಗೆ ಬರೋದು ಒಂದೇ ಪ್ರಬಂಧದ ನಲವತ್ತು ಪ್ರತಿ. ಅವರು "ಈ ಮಕ್ಕಳಿಗೆ ಲೈಬ್ರರಿ ಬಳಸೋಕೇ ಬರಲ್ಲ" ಅಂತಾರೆ. ಲೈಬ್ರೇರಿಯನ್ "ಒಂದು ಮಾತು ಮೊದಲೇ ಹೇಳಬಾರದಿತ್ತಾ" ಅಂತಾರೆ. ಇಬ್ಬರ ಮಾತೂ ನಿಜವೇ.

ಇವತ್ತು ನಾನು ಹೇಳಬೇಕಾದ ವಿಷಯ ಇದರಲ್ಲೇ ಇದೆ. ಲೈಬ್ರೇರಿಯನ್ ಮತ್ತು ಟೀಚರ್ ಒಟ್ಟಿಗೆ ಕೂರಬೇಕಾದದ್ದು ಪ್ರಶ್ನೆ ತಯಾರಾಗುವ ಹೊತ್ತಿನಲ್ಲಿ. ಪ್ರಶ್ನೆ ಕೊಟ್ಟಾದ ಮೇಲೆ ಎಷ್ಟು ಪುಸ್ತಕ ಹುಡುಕಿ ಕೊಟ್ಟರೂ ಅದು ಬರೀ ಸರಬರಾಜು.

ಸರಬರಾಜು ಕೀಳು ಅಂತ ಹೇಳುತ್ತಿಲ್ಲ, ಅದೂ ಬೇಕು. ಪೆಟ್ರೀಷಿಯಾ ಮಾಂಟಿಯೆಲ್-ಓವರಾಲ್ ಅನ್ನುವ ಸಂಶೋಧಕಿ 2005ರಲ್ಲಿ ಈ ಸಂಬಂಧವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ಇಬ್ಬರೂ ದಿನ, ಸಮಯ ಹೊಂದಿಸಿಕೊಳ್ಳುತ್ತಾರೆ, ಅಷ್ಟೇ. ಎರಡನೆಯದರಲ್ಲಿ ಕೆಲಸ ಹಂಚಿಕೊಳ್ಳುತ್ತಾರೆ: ನೀವು ಪಾಠ ಮಾಡಿ, ನಾನು ಪುಸ್ತಕ ತೆಗೆದಿಡುತ್ತೇನೆ. ಮೂರನೆಯದರಲ್ಲಿ ಒಟ್ಟಿಗೆ ಯೋಚಿಸಿ, ಒಟ್ಟಿಗೆ ಕಲಿಸಿ, ಒಟ್ಟಿಗೆ ಮೌಲ್ಯಮಾಪನ ಮಾಡುತ್ತಾರೆ. ನಾಲ್ಕನೆಯದರಲ್ಲಿ ಇದೇ ಇಡೀ ಶಾಲೆಯ ಪಠ್ಯಕ್ರಮದ ಉದ್ದಕ್ಕೂ ನಡೆಯುತ್ತದೆ. ನಮ್ಮಲ್ಲಿ ಬಹಳ ಜನ ಎರಡನೆಯದರಲ್ಲಿ ನಿಂತು, ಮೂರನೆಯದರಲ್ಲಿ ಇದ್ದೇವೆ ಅಂದುಕೊಂಡಿರುತ್ತೇವೆ. ನಾಲ್ಕನೆಯದು ಹೆಡ್‌ಮಾಸ್ಟರ್ ಮನಸ್ಸು ಮಾಡದೆ ಆಗುವ ಕೆಲಸವಲ್ಲ. ಹಾಗಾಗಿ ನಾನು ಮೂರನೆಯದರ ಬಗ್ಗೆಯೇ ಜಾಸ್ತಿ ಮಾತಾಡುತ್ತೇನೆ. ಅದು ಇಬ್ಬರು ಒಪ್ಪಿದರೆ ಸಾಕು, ಆಗುತ್ತದೆ.

ಆ ಜ್ವಾಲಾಮುಖಿಯನ್ನೇ ಇಟ್ಟುಕೊಳ್ಳೋಣ. ಭೂಗೋಳದ ಟೀಚರ್ ಒಬ್ಬರು ಪ್ರಾಜೆಕ್ಟ್ ಕೊಡುವ ಮೊದಲೇ ಲೈಬ್ರರಿಗೆ ಬಂದರು ಅಂದುಕೊಳ್ಳಿ. ಮಾತು ಹೀಗೆ ನಡೆಯಬಹುದು.

"ಜ್ವಾಲಾಮುಖಿ ಬಗ್ಗೆ ಎಷ್ಟು ಪುಸ್ತಕ ಇದೆಯೋ ಅಷ್ಟೂ ಬೇಕಿತ್ತು."

"ಕೊಡ್ತೀನಿ ಮೇಡಂ. ಮಕ್ಕಳು ಏನು ಮಾಡಬೇಕು?"

"ಜ್ವಾಲಾಮುಖಿ ಬಗ್ಗೆ ಎರಡು ಪುಟ ಬರೀಬೇಕು."

"ಬರೆದಾದ ಮೇಲೆ ಅವರಿಗೆ ಏನು ಅರ್ಥ ಆಗಿರಬೇಕು ಅಂತ ನಿಮಗೆ?"

"ಅದೇ, ಅದು ಹೇಗೆ ಆಗುತ್ತೆ, ಎಷ್ಟು ವಿಧ… ಅದೆಲ್ಲ ಪಾಠದಲ್ಲೇ ಇದೆ ಬಿಡಿ. ನಿಜ ಹೇಳಬೇಕು ಅಂದ್ರೆ, ಅಪಾಯ ಅಂತ ಗೊತ್ತಿದ್ದೂ ಜನ ಅದರ ಬುಡದಲ್ಲೇ ಯಾಕೆ ಇರ್ತಾರೆ ಅನ್ನೋದನ್ನ ಯೋಚನೆ ಮಾಡಲಿ ಅಂತ ಆಸೆ. ಪಾಠದಲ್ಲಿ ಅದಕ್ಕೆ ಒಂದೇ ಸಾಲು."

"ಹಾಗಾದ್ರೆ ಅದನ್ನೇ ಕೇಳಬಹುದಲ್ವಾ?"

ಇಷ್ಟೇ. ಐದು ನಿಮಿಷದ ಮಾತು. ಈಗ ಪ್ರಶ್ನೆಯೇ ಬೇರೆ ಆಯಿತು. "ಜ್ವಾಲಾಮುಖಿ ಬಗ್ಗೆ ಬರೆಯಿರಿ" ಅಂದರೆ ನಕಲು ಮಾಡೋಕೆ ಸಾವಿರ ಪುಟ ಸಿಗುತ್ತವೆ. "ಜ್ವಾಲಾಮುಖಿಯ ಬುಡದಲ್ಲಿ ಜನ ಯಾಕೆ ಬದುಕುತ್ತಾರೆ? ನೀವಾಗಿದ್ದರೆ ಇರುತ್ತಿದ್ದಿರಾ?" ಅಂದರೆ ಮಗು ಏನನ್ನಾದರೂ ಓದಿ, ಅದನ್ನು ಇನ್ನೊಂದರ ಪಕ್ಕ ಇಟ್ಟು, ತನ್ನ ತೀರ್ಮಾನ ಹೇಳಬೇಕಾಗುತ್ತದೆ. ಗಮನಿಸಿ, ಲೈಬ್ರೇರಿಯನ್ ಇಲ್ಲಿ ಭೂಗೋಳ ಕಲಿಸಲಿಲ್ಲ. ಪ್ರಶ್ನೆ ಟೀಚರ್ ತಲೆಯಲ್ಲೇ ಇತ್ತು. ಕೇಳುವವರು ಒಬ್ಬರು ಬೇಕಿತ್ತು.

ಇನ್ನು ಮುಂದಿನ ಕೆಲಸ ಲೈಬ್ರೇರಿಯನ್‌ದು. ಮಕ್ಕಳಿಗೆ ಕೊಡುವ ಮೊದಲು ಆ ಪ್ರಶ್ನೆಯನ್ನು ತಾನೇ ಹುಡುಕಿ ನೋಡಬೇಕು. ದೊಡ್ಡವರ ಹಾಗಲ್ಲ, ಹನ್ನೆರಡು ವರ್ಷದ ಮಗು ಹುಡುಕುವ ಹಾಗೆ. ಆ ಮಗು ಯಾವ ಪದ ಟೈಪ್ ಮಾಡುತ್ತದೆ? ಏನು ಸಿಗುತ್ತದೆ? ಸಿಕ್ಕಿದ್ದು ಅದಕ್ಕೆ ಓದಿದರೆ ತಿಳಿಯುತ್ತಾ? ಕೆಲವು ಸಲ ಪ್ರಶ್ನೆ ಬಹಳ ಚೆನ್ನಾಗಿರುತ್ತದೆ, ಆದರೆ ಮಕ್ಕಳ ಮಟ್ಟದಲ್ಲಿ ಓದುವುದಕ್ಕೆ ಏನೂ ಇರುವುದಿಲ್ಲ. ಆಗ ಟೀಚರ್ ಹತ್ತಿರ ಹೋಗಿ "ಪ್ರಶ್ನೆ ಸ್ವಲ್ಪ ಬದಲಿಸೋಣ" ಅನ್ನಬೇಕು. ಪ್ರಾಜೆಕ್ಟ್ ಕೊಟ್ಟಾದ ಮೇಲೆ ಇದು ಗೊತ್ತಾದರೆ ಏನು ಪ್ರಯೋಜನ?

ಈ ಪ್ರಶ್ನೆಗೆ ಸಾಮಗ್ರಿ ಇದೆ, ಬೇಕಾದಷ್ಟಿದೆ. ಆದರೆ ಒಂದೇ ಕಪಾಟಿನಲ್ಲಿ ಇಲ್ಲ. ವಿಷಯದ ಪ್ರಕಾರ ಪುಸ್ತಕಗಳಿಗೆ ನಂಬರ್ ಕೊಡುವ ಡ್ಯೂಯಿ ದಶಮಾಂಶ ಪದ್ಧತಿ ಬಳಸುವ ಲೈಬ್ರರಿಯಲ್ಲಿ ಜ್ವಾಲಾಮುಖಿ 551.21ರಲ್ಲಿ ಇರುತ್ತದೆ. ಆದರೆ ಬೂದಿ ಕರಗಿ ಮಣ್ಣು ಫಲವತ್ತಾಗುವ ವಿಷಯ 631.4ರಲ್ಲಿ, ಬೇಸಾಯದ ಪುಸ್ತಕಗಳ ಜೊತೆ. ಅನಾಹುತ ಆದಾಗ ಜನರನ್ನು ಸಾಗಿಸುವ ವಿಷಯ 363.34ರಲ್ಲಿ. ಜ್ವಾಲಾಮುಖಿಯ ಬೂದಿಯಲ್ಲಿ ಮುಚ್ಚಿಹೋದ ಇಟಲಿಯ ಪಾಂಪೆ ನಗರದ ಕತೆ 937ರಲ್ಲಿ, ಇತಿಹಾಸದ ಸಾಲಿನಲ್ಲಿ. ಭೂಗೋಳದ ಟೀಚರಿಗೆ ಮೊದಲನೆಯ ಕಪಾಟು ಚೆನ್ನಾಗಿ ಗೊತ್ತು. ಉಳಿದ ಮೂರು ಕಡೆಯೂ ತಮ್ಮ ಪಾಠದ ತುಂಡುಗಳಿವೆ ಅನ್ನೋದು ಗೊತ್ತಿರಲೇಬೇಕು ಅಂತಿಲ್ಲ. ಲೈಬ್ರೇರಿಯನ್ ನಾಲ್ಕೂ ಕಡೆಯಿಂದ ತೆಗೆದು ಒಂದು ಟ್ರಾಲಿಯಲ್ಲಿ ಜೋಡಿಸಿಟ್ಟರೆ ಮಕ್ಕಳಿಗಿಂತ ಮೊದಲು ಟೀಚರೇ ನಿಂತು ತಿರುವಿ ಹಾಕುತ್ತಾರೆ.

ಟ್ರಾಲಿಯ ಬಗ್ಗೆ ಇನ್ನೊಂದು ಮಾತು. ಯಾವ ಮಗುವಿಗೆ ಓದುವುದು ಕಷ್ಟ, ಯಾವ ಮಗು ಎರಡು ಕ್ಲಾಸು ಮೇಲಿನದನ್ನು ಓದಬಲ್ಲದು ಅನ್ನೋದು ಟೀಚರಿಗೆ ಗೊತ್ತು. ಅದೇ ವಿಷಯ ಸುಲಭ ಭಾಷೆಯಲ್ಲಿ, ಜಾಸ್ತಿ ಚಿತ್ರ ಇರುವ ಪುಸ್ತಕದಲ್ಲಿ ಎಲ್ಲಿದೆ ಅನ್ನೋದು ಲೈಬ್ರೇರಿಯನ್‌ಗೆ ಗೊತ್ತು. ಇವೆರಡೂ ಸೇರಬೇಕು. ಹೆಸರು ಹಿಡಿದು ಹೇಳಬೇಕಾಗಿಲ್ಲ. "ಆರು ಜನಕ್ಕೆ ಸುಲಭದ್ದು ಬೇಕು, ನಾಲ್ಕು ಜನಕ್ಕೆ ಗಟ್ಟಿಯಾದದ್ದು ಬೇಕು" ಅಂದರೆ ಸಾಕು. ಸುಲಭದ ಪುಸ್ತಕಗಳನ್ನು ಬೇರೆ ರಾಶಿ ಮಾಡಿ ಇಡಬೇಡಿ, ದಯವಿಟ್ಟು. ಎಲ್ಲದರ ಮಧ್ಯೆ ಬೆರೆಸಿ ಇಡಿ. ಯಾವ ರಾಶಿ ಯಾರಿಗೆ ಅನ್ನೋದು ಮಕ್ಕಳಿಗೆ ಒಂದು ಕ್ಷಣದಲ್ಲಿ ಗೊತ್ತಾಗಿಬಿಡುತ್ತದೆ, ಮತ್ತೆ ಆ ರಾಶಿಯನ್ನು ಯಾರೂ ಮುಟ್ಟುವುದಿಲ್ಲ.

ಈಗ ಕ್ಲಾಸು ಲೈಬ್ರರಿಗೆ ಬಂತು. ಇಬ್ಬರೂ ಅಲ್ಲಿರಬೇಕು. ಮಕ್ಕಳನ್ನು ಬಿಟ್ಟು ಟೀಚರ್ ಸ್ಟಾಫ್ ರೂಮಿಗೆ ಹೋದರೆ ಅದು ಸಹಯೋಗ ಅಲ್ಲ, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ.

ಇಬ್ಬರಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಪಾಂಪೆಯದೇ ಉದಾಹರಣೆ ಕೊಡುತ್ತೇನೆ. ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಪಾಂಪೆ ಮುಚ್ಚಿಹೋದದ್ದು ಕ್ರಿ.ಶ. 79ರಲ್ಲಿ. ಒಂದು ಮಗು ಕೈಯಲ್ಲಿರುವ ಹಳೆಯ ಪುಸ್ತಕ ನೋಡಿ "ಆಗಸ್ಟ್ 24" ಅಂತ ಬರೆದುಕೊಂಡಿತು. ಪಕ್ಕದ ಮಗು ಇನ್ನೊಂದು ಕಡೆ ನೋಡಿ "ಅಕ್ಟೋಬರ್" ಅಂತ ಬರೆಯಿತು. "ಮಿಸ್, ಯಾವುದು ಸರಿ?"

ಇಂಥ ಪ್ರಶ್ನೆ ಬಂದಾಗ ನನಗಂತೂ ಖುಷಿ. ಟೀಚರ್ ಒಬ್ಬರೇ ಇದ್ದರೆ, ಪೋರ್ಷನ್ ಮುಗಿಸುವ ಆತುರದಲ್ಲಿ, "ಬರೀ 79 ಅಂತ ಬರಿ ಸಾಕು" ಅಂದುಬಿಡಬಹುದು. ಇಬ್ಬರಿದ್ದರೆ ಅಲ್ಲೇ ಒಂದು ಪಾಠ ಹುಟ್ಟುತ್ತದೆ. ಆಗಸ್ಟ್ ಅನ್ನೋದು ಎಲ್ಲಿಂದ ಬಂತು? ಕಣ್ಣಾರೆ ಕಂಡ ಪ್ಲಿನಿ ಅನ್ನುವವನು ಎಷ್ಟೋ ವರ್ಷಗಳ ನಂತರ ಇತಿಹಾಸಕಾರ ಟ್ಯಾಸಿಟಸ್‌ಗೆ ಬರೆದ ಪತ್ರದಿಂದ. ಸ್ಫೋಟ ಆದಾಗ ಪ್ಲಿನಿಗೆ ಹದಿನೇಳು ವರ್ಷ. ಆದರೆ ಅವನ ಕೈಬರಹ ನಮಗೆ ಉಳಿದಿಲ್ಲ. ಶತಮಾನಗಳ ಕಾಲ ಒಬ್ಬರಿಂದ ಒಬ್ಬರು ನಕಲು ಮಾಡಿದ ಪ್ರತಿಗಳಷ್ಟೇ ಇವೆ, ಅವುಗಳಲ್ಲಿ ತಾರೀಖು ಒಂದೇ ರೀತಿ ಇಲ್ಲ. 2018ರಲ್ಲಿ ಪಾಂಪೆಯ ಒಂದು ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಚಿದ ಬರಹ ಸಿಕ್ಕಿತು. ಅದರಲ್ಲಿರುವುದು ನಮ್ಮ ಲೆಕ್ಕದಲ್ಲಿ ಅಕ್ಟೋಬರ್ 17. ವರ್ಷ ಬರೆದಿಲ್ಲ. ಆದರೆ ಇದ್ದಿಲಿನ ಬರಹ ಬಹಳ ದಿನ ಉಳಿಯುವುದಿಲ್ಲ, ಹಾಗಾಗಿ ಅದು ಸ್ಫೋಟಕ್ಕೆ ಸ್ವಲ್ಪ ಮೊದಲಿನದೇ ಇರಬೇಕು ಅಂತ ವಿದ್ವಾಂಸರ ವಾದ.

ಇದರಲ್ಲಿ ಇತಿಹಾಸದ ಭಾಗ ಟೀಚರ್ ಹೇಳುತ್ತಾರೆ. "ನಿಮ್ಮ ಪುಸ್ತಕ ಯಾವ ವರ್ಷ ಅಚ್ಚಾಗಿದೆ ನೋಡು" ಅಂತ ಲೈಬ್ರೇರಿಯನ್ ಹೇಳುತ್ತಾರೆ. ಮಗು ಪುಟ ತಿರುಗಿಸಿ ನೋಡುತ್ತದೆ. 2018ಕ್ಕಿಂತ ಹಿಂದಿನದು. ಪುಸ್ತಕದ ಮೊದಲ ಪುಟಗಳಲ್ಲಿ ಇಸವಿ ಯಾಕೆ ಹಾಕುತ್ತಾರೆ ಅನ್ನೋದನ್ನು ಆ ಮಗುವಿಗೆ ಇನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇದನ್ನೇ "ಮಾಹಿತಿ ಮೂಲಗಳ ಪರಿಶೀಲನೆ" ಅಂತ ಹೆಸರಿಟ್ಟು, ಯಾವ ಪಾಠಕ್ಕೂ ಅಂಟಿಕೊಳ್ಳದ ಒಂದು ಲೈಬ್ರರಿ ಪೀರಿಯಡ್‌ನಲ್ಲಿ ಬೋರ್ಡ್ ಮೇಲೆ ಬರೆದು ಕಲಿಸಿದರೆ, ಮಕ್ಕಳು ಆಕಳಿಸುತ್ತಾರೆ. ಹುಡುಕುವುದನ್ನು ಕಲಿಸಬೇಕಾದರೆ ಹುಡುಕುವುದಕ್ಕೆ ಏನಾದರೂ ಇರಬೇಕಲ್ಲ.

ಇನ್ನು ಮಕ್ಕಳ ಮನಸ್ಸಿನ ಕಡೆ ಬರುತ್ತೇನೆ. ಕ್ಯಾರಲ್ ಕೂಲ್ಥಾ ಅಂತ ಒಬ್ಬರು. ಸ್ವತಃ ಶಾಲಾ ಲೈಬ್ರೇರಿಯನ್ ಆಗಿದ್ದವರು, ಆಮೇಲೆ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. 1980ರ ದಶಕದಲ್ಲಿ ಅವರು ಹೈಸ್ಕೂಲ್ ಮಕ್ಕಳು ಪ್ರಾಜೆಕ್ಟ್ ಮಾಡುವಾಗ ಏನು ಮಾಡುತ್ತಾರೆ ಅನ್ನೋದರ ಜೊತೆಗೆ ಅವರಿಗೆ ಏನನ್ನಿಸುತ್ತದೆ ಅನ್ನೋದನ್ನೂ ಗಮನಿಸಿದರು. ಶುರುವಿನಲ್ಲಿ ಸ್ವಲ್ಪ ಅಳುಕು. ವಿಷಯ ಆರಿಸಿಕೊಂಡ ಮೇಲೆ ಹುರುಪು. ಆಮೇಲೆ ಓದುತ್ತಾ ಓದುತ್ತಾ ಹುರುಪು ಇಳಿದುಹೋಗುತ್ತದೆ. ಒಂದು ಪುಸ್ತಕ ಒಂದು ಹೇಳುತ್ತದೆ, ಇನ್ನೊಂದು ಬೇರೆ ಹೇಳುತ್ತದೆ. ಎಲ್ಲಾ ಗೋಜಲು. ತನಗೇ ತಲೆಯಿಲ್ಲ ಅನ್ನಿಸತೊಡಗುತ್ತದೆ. ಇದನ್ನು ದಾಟಿ, ತಾನು ಹೇಳಬೇಕಾದದ್ದು ಇದು ಅಂತ ಹೊಳೆದ ಮೇಲೇ ಮತ್ತೆ ಧೈರ್ಯ ಬರುತ್ತದೆ.

ನಾವು ಸಾಮಾನ್ಯವಾಗಿ ಮಕ್ಕಳ ಜೊತೆ ಇರುವುದು ಶುರುವಿನಲ್ಲಿ, ಪ್ರಾಜೆಕ್ಟ್ ಕೊಡುವಾಗ. ಮತ್ತೆ ಕೊನೆಯಲ್ಲಿ, ಅಂಕ ಹಾಕುವಾಗ. ನಡುವಿನ ಆ ಗೋಜಲಿನಲ್ಲಿ ಮಗು ಒಂಟಿ. ನಕಲು ಹುಟ್ಟುವುದು ಅಲ್ಲೇ ಅಂತ ನನ್ನ ಅಭಿಪ್ರಾಯ. ಸೋಮಾರಿತನಕ್ಕಿಂತ ದಿಕ್ಕು ತೋಚದೆ ನಕಲು ಮಾಡುವ ಮಕ್ಕಳೇ ಜಾಸ್ತಿ.

ಹಾಗಾದರೆ ಇಬ್ಬರೂ ಸೇರಿ ಮಾಡಬೇಕಾದದ್ದೇನು? ನಡುವೆ ಒಂದು ಪೀರಿಯಡ್ ಇಟ್ಟುಕೊಳ್ಳಿ. ಆವತ್ತು ಯಾರೂ ಪ್ರಬಂಧ ಬರೆಯಬಾರದು. ಪ್ರತಿ ಮಗುವೂ ಒಂದು ಚೀಟಿಯಲ್ಲಿ ಎರಡು ಸಾಲು ಬರೆಯಲಿ: ಇಲ್ಲಿಯವರೆಗೆ ಏನು ಗೊತ್ತಾಯಿತು, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಚೀಟಿಗಳನ್ನು ಇಬ್ಬರೂ ಹಂಚಿಕೊಂಡು ಓದಿ. "ನೇಪಲ್ಸ್ ಸುತ್ತ ಲಕ್ಷಾಂತರ ಜನ ಇದ್ದಾರಂತೆ, ಅವರಿಗೆಲ್ಲ ಭಯ ಇಲ್ವಾ" ಅಂತ ಒಂದು ಮಗು ಬರೆದಿದ್ದರೆ, ಅದು ಲೈಬ್ರೇರಿಯನ್ ಕಡೆಗೆ. ನೇಪಲ್ಸ್ ಪಕ್ಕದ ವೆಸೂವಿಯಸ್ ಕೊನೆಯ ಸಲ ಸಿಡಿದದ್ದು 1944ರಲ್ಲಿ, ಈಗ ತೀರಾ ಅಪಾಯದ ವಲಯ ಅಂತ ಗುರುತಿಸಿದ ಜಾಗದಲ್ಲಿ ಸುಮಾರು 7 ಲಕ್ಷ ಜನ ಇದ್ದಾರೆ, ಅವರನ್ನು ಹೊರಗೆ ಸಾಗಿಸುವುದಕ್ಕೆ ಸರ್ಕಾರದ ಯೋಜನೆಯೂ ಇದೆ. ಅದು ಎಲ್ಲಿ ಸಿಗುತ್ತದೆ ಅಂತ ತೋರಿಸಬಹುದು. "ಬೂದಿ ಬಿದ್ದರೆ ಬೆಳೆ ಹಾಳಾಗುತ್ತೆ ಅಂತ ಒಂದು ಕಡೆ, ಮಣ್ಣು ಚೆನ್ನಾಗಾಗುತ್ತೆ ಅಂತ ಇನ್ನೊಂದು ಕಡೆ" ಅಂತ ಬರೆದಿದ್ದರೆ, ಅದು ಟೀಚರ್ ಕಡೆಗೆ. ಎರಡೂ ನಿಜ, ನಡುವೆ ಇರುವುದು ಕಾಲ. ಈಗಷ್ಟೇ ಬಿದ್ದ ಬೂದಿ ಬೆಳೆಯನ್ನು ಮುಚ್ಚಿಹಾಕುತ್ತದೆ. ಅದೇ ಬೂದಿ ಮಳೆಗಾಳಿಗೆ ಕರಗುತ್ತಾ ಹೋದ ಹಾಗೆ ಖನಿಜಗಳನ್ನು ಮಣ್ಣಿಗೆ ಬಿಟ್ಟುಕೊಡುತ್ತದೆ.

ಕಂಪ್ಯೂಟರ್ ಪರದೆಯ ವಿಷಯಕ್ಕೆ ಬರೋಣ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಒಂದು ಸುದ್ದಿ ತಾಣದ ಪುಟದಲ್ಲಿ "ಪ್ರಾಯೋಜಿತ" ಅಂತ ನೇರವಾಗಿ ಬರೆದಿದ್ದ ಜಾಹೀರಾತನ್ನು ಮಾಧ್ಯಮಿಕ ಶಾಲೆಯ 80 ಶೇಕಡಾಕ್ಕಿಂತ ಹೆಚ್ಚು ಮಕ್ಕಳು ನಿಜವಾದ ಸುದ್ದಿ ಅಂತಲೇ ನಂಬಿದರು. ಮಕ್ಕಳನ್ನು ಬಿಡಿ. ಅದೇ ಗುಂಪಿನ ಸ್ಯಾಮ್ ವೈನ್‌ಬರ್ಗ್ ಮತ್ತು ಸೇರಾ ಮೆಕ್‌ಗ್ರೂ ಮುಂದಿನ ವರ್ಷ ಇನ್ನೊಂದು ಅಧ್ಯಯನ ಹೊರತಂದರು. 10 ಇತಿಹಾಸಕಾರರು, 10 ಸುದ್ದಿ ಪರಿಶೀಲಕರು, 25 ಕಾಲೇಜು ವಿದ್ಯಾರ್ಥಿಗಳು. ಎಲ್ಲರಿಗೂ ಅವವೇ ವೆಬ್‌ಸೈಟುಗಳನ್ನು ಕೊಟ್ಟು ನಂಬಬಹುದಾ ಅಂತ ಕೇಳಿದರು. ಇತಿಹಾಸಕಾರರು ಕೂಡ ಚಂದದ ವಿನ್ಯಾಸಕ್ಕೆ, ಗಂಭೀರವಾದ ಹೆಸರಿಗೆ ಮೋಸಹೋದರು. ಬೇಗ ಸರಿಯಾದ ಉತ್ತರಕ್ಕೆ ಬಂದವರು ಪರಿಶೀಲಕರು. ಅವರು ಆ ಪುಟವನ್ನು ಕೂತು ಓದುತ್ತಲೇ ಇರಲಿಲ್ಲ. ಪಕ್ಕದಲ್ಲಿ ಹೊಸ ಟ್ಯಾಬ್ ತೆರೆದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ನೋಡುತ್ತಿದ್ದರು.

ಇದನ್ನು ಹತ್ತು ವರ್ಷದ ಮಗುವಿಗೂ ಕಲಿಸಬಹುದು. ಆದರೆ ಕಲಿಸಬೇಕಾದವರು ಯಾರು? ವಿಜ್ಞಾನದ ಟೀಚರ್ ಇದು ಲೈಬ್ರರಿಯ ಕೆಲಸ ಅಂದುಕೊಳ್ಳುತ್ತಾರೆ. ಲೈಬ್ರೇರಿಯನ್ ಇದು ಕಂಪ್ಯೂಟರ್ ಟೀಚರ್ ಕೆಲಸ ಅಂದುಕೊಳ್ಳುತ್ತಾರೆ. ಕಂಪ್ಯೂಟರ್ ಟೀಚರ್ ಪ್ರೋಗ್ರಾಮಿಂಗ್ ಮುಗಿಸಬೇಕು. ಕೊನೆಗೆ ಯಾರೂ ಕಲಿಸುವುದಿಲ್ಲ. ವರ್ಷದ ಶುರುವಿನಲ್ಲೇ ಕೂತು, ಯಾವ ಕ್ಲಾಸಿನಲ್ಲಿ, ಯಾವ ಪಾಠದ ಜೊತೆ, ಯಾರು ಅಂತ ಬರೆದಿಟ್ಟುಕೊಂಡರೆ ಇದು ತಪ್ಪುತ್ತದೆ.

ಈಗ ಚಾಟ್‌ಬಾಟ್‌ಗಳೂ ಬಂದಿವೆ. ಮಕ್ಕಳು ಒಂದು ಪಟ್ಟಿ ಹಿಡಿದುಕೊಂಡು ಬಂದು "ಈ ಪುಸ್ತಕ ಇದೆಯಾ" ಅಂತ ಕೇಳುತ್ತಾರೆ. ಹುಡುಕಿದರೆ ಅಂಥ ಪುಸ್ತಕ ಜಗತ್ತಿನಲ್ಲೇ ಇಲ್ಲ. ಯಂತ್ರ ಹೆಸರು ಕಟ್ಟಿ ಕೊಟ್ಟಿದೆ, ಲೇಖಕರ ಹೆಸರೂ ಸೇರಿಸಿ. ಬೈಯುವುದರಿಂದ ಪ್ರಯೋಜನವಿಲ್ಲ. ಒಳ್ಳೆಯ ಪಾಠ ಮಾಡೋಕೆ ಅವಕಾಶ ಅದು. ನಮ್ಮ ಜ್ವಾಲಾಮುಖಿ ಪ್ರಶ್ನೆಯನ್ನೇ ಚಾಟ್‌ಬಾಟ್‌ಗೆ ಕೇಳಿ, ಬಂದ ಉತ್ತರವನ್ನು ಅಚ್ಚು ಹಾಕಿ ಕೊಡಿ. ಒಂದೊಂದು ಗುಂಪಿಗೆ ಒಂದೊಂದು ವಾಕ್ಯ. ಇದು ನಿಜವಾ, ಎಲ್ಲಿ ಸಿಕ್ಕಿತು, ಎಲ್ಲೂ ಸಿಗಲಿಲ್ಲವಾ? ವಾಕ್ಯದ ಅರ್ಥ ಸರಿಯಿದೆಯೇ ಅಂತ ಟೀಚರ್ ನೋಡಲಿ, ಎಲ್ಲಿ ಹುಡುಕಬೇಕು ಅಂತ ಲೈಬ್ರೇರಿಯನ್ ತೋರಿಸಲಿ. ಇದರ ಜೊತೆಗೆ ಇಡೀ ಶಾಲೆಗೆ ಒಂದೇ ನಿಯಮ ಇರಬೇಕು. ಒಬ್ಬ ಟೀಚರ್ "ಬಳಸಿ" ಅಂದು, ಇನ್ನೊಬ್ಬರು "ಬಳಸಿದರೆ ಸೊನ್ನೆ" ಅಂದರೆ ಮಕ್ಕಳು ಕಲಿಯುವುದು ಮುಚ್ಚಿಡುವುದನ್ನು.

ಅಂಕ ಹಾಕುವಾಗಲೂ ಲೈಬ್ರೇರಿಯನ್ ಇರಬೇಕು ಅಂದರೆ ಕೆಲವರಿಗೆ ಮುಜುಗರ ಆಗುತ್ತದೆ. ವಿಷಯದ ಅಂಕ ಟೀಚರೇ ಹಾಕಲಿ. ಮಗು ಯಾವ ಯಾವ ಮೂಲ ನೋಡಿದೆ, ಟಿಪ್ಪಣಿ ಹೇಗೆ ಮಾಡಿಕೊಂಡಿದೆ, ಇಷ್ಟನ್ನು ಲೈಬ್ರೇರಿಯನ್ ನೋಡಿದರೆ ಸಾಕು. ಇದಕ್ಕೆ ಒಟ್ಟು ಅಂಕದಲ್ಲಿ ಸಣ್ಣ ಪಾಲು ಇಟ್ಟರೂ ಮಕ್ಕಳು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಮೂಲ ಬರೆಯುವ ಕ್ರಮವನ್ನೂ ಶಾಲೆಗೆಲ್ಲ ಒಂದೇ ಮಾಡಿಕೊಳ್ಳಿ. ಚಿಕ್ಕ ಮಕ್ಕಳಿಗೆ ಪುಸ್ತಕ ಮತ್ತು ಲೇಖಕರ ಹೆಸರು, ದೊಡ್ಡವರಾದ ಹಾಗೆ ಇಸವಿ, ಪುಟ.

ಇದರಲ್ಲಿ ಲೈಬ್ರೇರಿಯನ್‌ಗೆ ಒಂದು ಅನುಕೂಲ ಇದೆ, ಬೇರೆ ಯಾರಿಗೂ ಇಲ್ಲದ್ದು. ಎಲ್ಲಾ ಕ್ಲಾಸಿನ, ಎಲ್ಲಾ ವಿಷಯದ ಮಕ್ಕಳೂ ಅವರ ಹತ್ತಿರ ಬರುತ್ತಾರೆ. ಭೂಗೋಳದಲ್ಲಿ ಜ್ವಾಲಾಮುಖಿ ನಡೆಯುವ ತಿಂಗಳೇ ವಿಜ್ಞಾನದಲ್ಲಿ ಮಣ್ಣಿನ ಪಾಠ ಇದೆ ಅನ್ನೋದು ಆ ಇಬ್ಬರು ಟೀಚರ್‌ಗಳಿಗಿಂತ ಮೊದಲು ಲೈಬ್ರೇರಿಯನ್‌ಗೆ ಕಾಣುತ್ತದೆ. ಮೂರು ಕ್ಲಾಸುಗಳಲ್ಲಿ ಹುಡುಕೋದು ಹೇಗೆ ಅಂತ ಮತ್ತೆ ಮತ್ತೆ ಹೇಳಿಕೊಡುತ್ತಿದ್ದಾರೆ, ಟಿಪ್ಪಣಿ ಮಾಡೋದು ಹೇಗೆ ಅಂತ ಒಂದರಲ್ಲೂ ಹೇಳಿಕೊಡುತ್ತಿಲ್ಲ ಅನ್ನೋದೂ ಕಾಣುತ್ತದೆ. ಕಂಡದ್ದನ್ನು ಸ್ಟಾಫ್ ಮೀಟಿಂಗ್‌ನಲ್ಲಿ ಹೇಳಬೇಕು. ಸುಮ್ನೆ ಕೂತರೆ ನಮ್ಮನ್ನು ಪುಸ್ತಕಕ್ಕೆ ಸೀಲ್ ಹೊಡೆಯುವವರು ಅಂತಲೇ ನೋಡುತ್ತಾರೆ.

ಗಣಿತದವರು ನಮಗೇನು ಅಂತ ನೋಡುತ್ತಿದ್ದೀರಿ. ನಿಮ್ಮ ಪಾಲಿಗೆ ಇಲ್ಲಿ ಸ್ವಲ್ಪ ಕಡಿಮೆಯೇ, ಒಪ್ಪುತ್ತೇನೆ. ಅಂಕಿಅಂಶದ ಪಾಠಕ್ಕೆ ಬನ್ನಿ, ನಿಜವಾದ ಅಂಕಿಗಳು ಎಲ್ಲಿ ಸಿಗುತ್ತವೆ ಅಂತ ಲೈಬ್ರೇರಿಯನ್ ತೋರಿಸುತ್ತಾರೆ.

ಭಾಷೆ ಕಲಿಸುವವರಿಗೆ ಒಂದು ಕೋರಿಕೆ ಇದೆ. ಮಗು ಖುಷಿಗೆ ಓದುವ ಕತೆಪುಸ್ತಕಕ್ಕೆಲ್ಲ ಸಾರಾಂಶ ಬರೆಸಬೇಡಿ. ಎಲ್ಲವನ್ನೂ ಪ್ರಾಜೆಕ್ಟ್ ಮಾಡುವುದೂ ಸಹಯೋಗ ಅಲ್ಲ. ಲೈಬ್ರರಿಯಲ್ಲಿ ಯಾವ ಮಗುವಾದರೂ ಯಾವ ಕಾರಣವೂ ಇಲ್ಲದೆ ಓದುವ ಒಂದು ಮೂಲೆ ಇರಲೇಬೇಕು. ಅದನ್ನು ಕಾಯುವ ಜವಾಬ್ದಾರಿಯೂ ಇಬ್ಬರದು.

ಇದೆಲ್ಲದರಿಂದ ಮಕ್ಕಳ ಕಲಿಕೆ ಹೆಚ್ಚುತ್ತದೆ ಅನ್ನೋದಕ್ಕೆ ಪುರಾವೆ ಏನು ಅಂತ ಹೆಡ್‌ಮಾಸ್ಟರುಗಳು ಕೇಳುತ್ತಾರೆ. ಕೇಳಬೇಕು ಕೂಡ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಕೀತ್ ಕರಿ ಲ್ಯಾನ್ಸ್ ಮತ್ತು ಜೊತೆಗಾರರು 1993ರಲ್ಲಿ ಒಂದು ಅಧ್ಯಯನ, 2000ದಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಲೈಬ್ರರಿಯಲ್ಲಿ ಸಾಕಷ್ಟು ಸಿಬ್ಬಂದಿ ಮತ್ತು ಪುಸ್ತಕ ಇರುವ ಶಾಲೆಗಳಲ್ಲಿ ಓದಿನ ಪರೀಕ್ಷೆಯ ಅಂಕ ಹೆಚ್ಚಿತ್ತು. ಲೈಬ್ರೇರಿಯನ್ ಮತ್ತು ಟೀಚರ್ ಸೇರಿ ಕೆಲಸ ಮಾಡುವುದಕ್ಕೂ ಅಂಕಗಳಿಗೂ ನಂಟು ಇರುವುದು ಎರಡನೆಯ ಅಧ್ಯಯನದಲ್ಲಿ ಕಂಡಿತು. ಶಾಲಾ ಲೈಬ್ರರಿಗಳ ಬಗ್ಗೆ ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಗ್ರಂಥಾಲಯ ಸಂಘಗಳ ಒಕ್ಕೂಟ 1999ರಲ್ಲಿ ಹೊರಡಿಸಿದ ಪ್ರಣಾಳಿಕೆಯೂ ಇದೇ ಅರ್ಥದ ಮಾತು ಹೇಳುತ್ತದೆ. ಆದರೆ ಹುಷಾರಾಗಿ ಹೇಳಬೇಕು. ಎರಡು ಸಂಗತಿ ಜೊತೆಯಲ್ಲಿ ಕಂಡವು ಅಂದ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಆಯಿತು ಅಂತಲ್ಲ. ಒಳ್ಳೆಯ ಶಾಲೆಗಳಲ್ಲಿ ಎಲ್ಲವೂ ಒಳ್ಳೆಯದಿರಬಹುದು. ನಿಮ್ಮ ಹೆಡ್‌ಮಾಸ್ಟರಿಗೆ ಈ ಅಧ್ಯಯನಗಳಿಗಿಂತ ಹಳೆಯ ಪ್ರಶ್ನೆಗೆ ಬಂದ ಎರಡು ಪ್ರಬಂಧ, ಹೊಸ ಪ್ರಶ್ನೆಗೆ ಬಂದ ಎರಡು ಪ್ರಬಂಧ ಪಕ್ಕಪಕ್ಕ ಇಟ್ಟು ತೋರಿಸಿ. ಅದರ ಮುಂದೆ ವಾದವೇ ಬೇಕಾಗುವುದಿಲ್ಲ.

ಕೊನೆಯದಾಗಿ ಸಮಯ. ನಿಜವಾದ ಅಡ್ಡಿ ಇದೇ. ಟೈಮ್‌ಟೇಬಲ್‌ನಲ್ಲಿ ಪ್ರತಿ ಕ್ಲಾಸಿಗೂ ವಾರಕ್ಕೊಂದು ಲೈಬ್ರರಿ ಪೀರಿಯಡ್ ಇರುತ್ತದೆ. ಆ ಹೊತ್ತಿಗೆ ಟೀಚರಿಗೆ ಬಿಡುವು, ಲೈಬ್ರೇರಿಯನ್‌ಗೆ ಕ್ಲಾಸು. ಅಂದರೆ ಇಬ್ಬರೂ ಒಟ್ಟಿಗೆ ಇರಲೇಬಾರದು ಅಂತ ಲೆಕ್ಕ ಹಾಕಿ ಮಾಡಿದ ಹಾಗಿದೆ. ಟೀಚರ್‌ಗಳ ಬಿಡುವನ್ನು ಕಿತ್ತುಕೊಳ್ಳಿ ಅಂತ ನಾನು ಹೇಳಲಾರೆ, ಹೇಳಿದರೆ ಇಲ್ಲಿಂದ ಹೊರಗೆ ಹೋಗೋಕೆ ನೀವು ಬಿಡುವುದಿಲ್ಲ. ಎಲ್ಲಾ ಪೀರಿಯಡ್‌ಗಳನ್ನೂ ಹಂಚಿಬಿಡಬೇಡಿ ಅಂತ ಮಾತ್ರ ಹೆಡ್‌ಮಾಸ್ಟರುಗಳಲ್ಲಿ ಕೇಳುತ್ತೇನೆ. ವಾರದಲ್ಲಿ ಕೆಲವನ್ನಾದರೂ ಖಾಲಿ ಇಡಿ, ಬೇಕಾದ ಕ್ಲಾಸು ಬೇಕಾದಾಗ ಬಂದು ಮೂರು ದಿನ ಸತತವಾಗಿ ಕೂತು ಕೆಲಸ ಮಾಡಲಿ. ಪ್ರಾಜೆಕ್ಟ್‌ಗೆ ವಾರಕ್ಕೊಂದು ಪೀರಿಯಡ್ ಸಾಲುವುದಿಲ್ಲ. ಮಗು ಎಲ್ಲಿ ನಿಲ್ಲಿಸಿತ್ತು ಅನ್ನೋದೇ ಮರೆತುಹೋಗಿರುತ್ತದೆ.

ಲೈಬ್ರೇರಿಯನ್ನರಿಗೂ ಒಂದು ಮಾತು. ಎಲ್ಲಾ ಟೀಚರ್‌ಗಳನ್ನೂ ಒಂದೇ ಸಲ ಒಲಿಸಿಕೊಳ್ಳೋಕೆ ಹೋಗಬೇಡಿ. "ಸಹಯೋಗ ಮಾಡೋಣ ಬನ್ನಿ" ಅಂತ ಸರ್ಕ್ಯುಲರ್ ಕಳಿಸಿದರೆ ಸಹಿ ಹಾಕಿ ವಾಪಸ್ ಕೊಡುತ್ತಾರೆ, ಅಷ್ಟೇ. ತಾವಾಗಿ ಲೈಬ್ರರಿಗೆ ಬರುವ ಒಬ್ಬರು ಇದ್ದೇ ಇರುತ್ತಾರೆ. ಅವರಿಂದ ಶುರು ಮಾಡಿ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಲೈಬ್ರರಿಗಳಿಗೆ ಹೇಳಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಅನ್ನೋದು. ಟೀಚರ್ ಕೂಡ ಓದುಗರೇ. ಅವರಿಗೆ ಒಂದು ಗಂಟೆಯ ಕೆಲಸ ನೀವು ಉಳಿಸಿದ್ದೀರಿ ಅಂತ ಅನ್ನಿಸಿದರೆ ಮುಂದಿನ ಸಲ ಅವರೇ ಬರುತ್ತಾರೆ, ಇನ್ನೊಬ್ಬರನ್ನೂ ಕರೆದುಕೊಂಡು.

ಮಾತು ಮುಗಿದ ಮೇಲೆ ಸಭೆಯಿಂದ ಪ್ರಶ್ನೆಗಳು ಬಂದವು. ಅದರಲ್ಲಿ ಒಂದನ್ನು ಇಲ್ಲಿ ಸೇರಿಸುತ್ತಿದ್ದೇನೆ. ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ನಮ್ಮಲ್ಲಿ ಲೈಬ್ರೇರಿಯನ್ ಹುದ್ದೆಯೇ ಇಲ್ಲ ಸರ್. ನಾನು ಪಾಠವನ್ನೂ ಮಾಡಿ, ಬೀಗದ ಕೈಯನ್ನೂ ಇಟ್ಟುಕೊಂಡಿದ್ದೇನೆ. ನಾನು ಯಾರ ಜೊತೆ ಕೂರಲಿ?"

ನ್ಯಾಯವಾದ ಪ್ರಶ್ನೆ. ಇಬ್ಬರು ಮಾಡುವ ಕೆಲಸ ಒಬ್ಬರಿಂದ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಹುದ್ದೆ ಬೇಕು, ಅದನ್ನು ಕೇಳುತ್ತಲೇ ಇರಬೇಕು. ಅಲ್ಲಿಯವರೆಗೆ ಒಂದು ಕೆಲಸ ಮಾಡಬಹುದು. ಯಾವ ಕ್ಲಾಸಿಗೆ ಯಾವ ತಿಂಗಳು ಯಾವ ಪ್ರಾಜೆಕ್ಟ್ ಅಂತ ಬರೆಯುವುದಕ್ಕೆ ಸ್ಟಾಫ್ ರೂಮಿನಲ್ಲಿ ಒಂದು ಹಾಳೆ ಅಂಟಿಸಿ. ಬೀಗದ ಕೈ ನಿಮ್ಮ ಹತ್ತಿರ ಇರುವುದರಿಂದ, ಆ ಹಾಳೆಯಲ್ಲಿ ಹೆಸರು ಬರೆದವರಿಗೆ ಲೈಬ್ರರಿ ಮೊದಲು ಸಿಗುತ್ತದೆ ಅಂತ ನಿಯಮ ಮಾಡಿ. ಹಾಳೆ ತುಂಬಿದ ಮೇಲೆ ಅದನ್ನು ತೆಗೆದುಕೊಂಡು ಹೆಡ್‌ಮಾಸ್ಟರ್ ಹತ್ತಿರ ಹೋಗಿ. ಹುದ್ದೆ ಯಾಕೆ ಬೇಕು ಅಂತ ಅವರು ಮೇಲಿನವರಿಗೆ ಬರೆಯುವಾಗ ಜೊತೆಗೆ ಲಗತ್ತಿಸುವುದಕ್ಕೆ ಅದು ಬೇಕಾಗುತ್ತದೆ.